‘ಉಚಿತ’ ಮತ್ತು ‘ಮುಕ್ತ’: ತಂತ್ರಾಂಶ ಪರವಾನಗಿಗಳು ವಿಧಿಸುವ ಹೊಣೆ

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 2ನೆಯ ಪ್ರಕರಣವು ‘ಸಾಹಿತ್ಯ ಕೃತಿ’ ಎಂಬುದರ ವ್ಯಾಖ್ಯೆಯಲ್ಲಿ ಗಣಕಯಂತ್ರದ ಕ್ರಮವಿಧಿಗಳನ್ನೂ ದತ್ತಾಂಶ ಸಂಗ್ರಹಗಳನ್ನೂ ಸೇರಿಸುತ್ತದೆ. ಸಾಹಿತ್ಯ ವಿಭಾಗಗಳಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯಿದು. ಕಾನೂನಿನ ದೃಷ್ಟಿಯಲ್ಲಿ ಕಾದಂಬರಿ, ನಿಘಂಟು, ತಂತ್ರಾಂಶ ಇವು ಒಂದೇ ಪಂಕ್ತಿಯವು. ಮುಕ್ತ ತಂತ್ರಾಂಶದ ಪರವಾನಗಿ ಎಂದರೆ ಕರ್ತೃವು ತನ್ನ ಹಕ್ಕನ್ನು ತ್ಯಜಿಸಿ ಬರೆದುಕೊಟ್ಟ ಪತ್ರವೆಂಬ ತಿಳಿವಳಿಕೆ ವ್ಯಾಪಕವಾಗಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಕೃತಿಸ್ವಾಮ್ಯವಿರುವುದರಿಂದಲೇ ಅಂತಹ ಪರವಾನಗಿಯು ಷರತ್ತು ವಿಧಿಸಲು ಶಕ್ತವಾಗುತ್ತದೆ.

ಷರತ್ತಿಲ್ಲದ ಕೊಡುಗೆ ಹೇಗಿರುತ್ತದೆ ಎಂಬುದಕ್ಕೆ ಮಂಗಳೂರಿನಲ್ಲಿಯೇ ಎರಡು ನಿದರ್ಶನಗಳಿವೆ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಮೂಲಕ ಪ್ರಕಟವಾಯಿತು. ಕಿಟೆಲ್ 1903ರಲ್ಲಿ ನಿಧನರಾದರು. ಕೃತಿ ಇಂದು ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಅದನ್ನು ಪರಿಷ್ಕರಿಸಬಹುದು. ಪರಿಷ್ಕರಣದ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ತಿದ್ದುಪಡಿಯನ್ನು ಇತರರಿಗೆ ಬಿಟ್ಟುಕೊಡಬೇಕೆಂಬ ಕಟ್ಟುಪಾಡು ಎಲ್ಲಿಯೂ ಇಲ್ಲ. ಎರಡನೆಯದು ನಗರದ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ಕೊಡುಗೆ. ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಪ್ರಮಾಣಕವಾಗಿ ಅಂಗೀಕರಿಸಿತು. ‘ನುಡಿ’ ತಂತ್ರಾಂಶ ಅದನ್ನೇ ಅಳವಡಿಸಿಕೊಂಡಿತು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಅವರು ಸಿದ್ಧಪಡಿಸಿದ ‘ಸೇಡಿಯಾಪು’ ತಂತ್ರಾಂಶವೂ ಉಚಿತವಾಗಿ ದೊರೆಯಿತು. ಈ ಔದಾರ್ಯದ ಫಲವನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವ ಬಹುತೇಕರು ಉಂಡಿದ್ದಾರೆ. ಆದರೆ ‘ಉಚಿತ’ ಎಂಬ ಮಾತು ಬೆಲೆಗೆ ಸಂಬಂಧಿಸಿದ್ದು. ಪಡೆದವನು ಮರಳಿ ಏನು ಕೊಡಬೇಕೆಂಬುದನ್ನು ಅದು ಹೇಳುವುದಿಲ್ಲ.

ಹೇಳುವ ಪರವಾನಗಿಗಳಲ್ಲಿ ಜಿಎನ್‌ಯು ಜನರಲ್ ಪಬ್ಲಿಕ್ ಲೈಸೆನ್ಸ್, ಅಂದರೆ ಜಿಪಿಎಲ್, ಪ್ರಮುಖವಾದುದು. ಲಿನಕ್ಸ್ ಕರ್ನಲ್ ಇದರ 1991ರ ಎರಡನೆಯ ಆವೃತ್ತಿಗೆ ಒಳಪಟ್ಟಿದೆ. ಸಂಸ್ಥೆಯೊಂದು ಅಂತಹ ತಂತ್ರಾಂಶವನ್ನು ತಿದ್ದಿ ತನ್ನ ಕಚೇರಿಯೊಳಗೆ ಬಳಸಿದರೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಹೊಣೆ ಹುಟ್ಟುವುದು ವಿತರಣೆಯಿಂದ. ತಿದ್ದಿದ ತಂತ್ರಾಂಶವಿರುವ ಉಪಕರಣವನ್ನು ಮಾರಿದೊಡನೆ ಅದರ ಆಕರ ಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ಜೊತೆಯಲ್ಲಿಯೇ ಕೊಡಬೇಕು. ಇಲ್ಲವೆ ಕೇಳಿದವರಿಗೆ ಕನಿಷ್ಠ 3 ವರ್ಷ ಕಾಲ ಪ್ರತಿಯ ವೆಚ್ಚಕ್ಕೆ ಒದಗಿಸುವುದಾಗಿ ಬರೆದುಕೊಡಬೇಕು. ಮೂಲ ಕರ್ತೃವಿಗೇ ಕಳುಹಿಸಬೇಕೆಂಬ ನಿಯಮವಿಲ್ಲ. ತಿದ್ದಿದ ಕಡತದಲ್ಲಿ ತಿದ್ದಿರುವ ಸಂಗತಿಯನ್ನೂ ದಿನಾಂಕವನ್ನೂ ಎದ್ದುಕಾಣುವಂತೆ ನಮೂದಿಸಬೇಕೆಂಬ ಷರತ್ತು ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಹೊಸದೆನಿಸದು. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡದೆ ಪಠ್ಯವನ್ನು ತಿದ್ದಿದ ಸಂಪಾದಕನನ್ನು ವಿದ್ವತ್‌ಲೋಕ ಆಕ್ಷೇಪಿಸುತ್ತದೆ. ಇಲ್ಲಿ ಆಕ್ಷೇಪಕ್ಕೆ ಕಾನೂನಿನ ಬಲವಿದೆ. 2003ರಲ್ಲಿ ಲಿಂಕ್‌ಸಿಸ್ ಸಂಸ್ಥೆಯ ರೂಟರ್‌ನಲ್ಲಿ ಲಿನಕ್ಸ್ ಇರುವುದು ಪತ್ತೆಯಾಗಿ, ಒತ್ತಡದ ನಂತರ ಆಕರ ಸಂಕೇತ ಹೊರಬಂದಿತು; ‘ಓಪನ್‌ಡಬ್ಲ್ಯುಆರ್‌ಟಿ’ ಯೋಜನೆ ಬೆಳೆದುದು ಅದರಿಂದಲೇ. 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವು ಜಿಪಿಎಲ್ ಷರತ್ತುಗಳನ್ನು ಎತ್ತಿಹಿಡಿಯಿತು.

ಕನ್ನಡ ಸಂಶೋಧಕರಿಗೆ ಹೆಚ್ಚು ನಿಕಟವಾದುದು ‘ಅಲರ್’ ನಿಘಂಟಿನ ಪ್ರಸಂಗ. ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಒಬ್ಬರೇ ಸಂಕಲಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ಈ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಓಪನ್ ಡೇಟಾಬೇಸ್ ಲೈಸೆನ್ಸ್’ ಅಡಿಯಲ್ಲಿ ಬಿಡುಗಡೆಯಾಯಿತು. ಮಂಗಳೂರಿನ ಸಂಸ್ಥೆಯೊಂದು ಇದನ್ನು ಪಡೆದು, ಸಾವಿರಾರು ಅರ್ಥಗಳನ್ನು ತಿದ್ದಿ, ಕರಾವಳಿ ಕನ್ನಡದ ಪದಗಳನ್ನು ಸೇರಿಸಿ ಮೊಬೈಲ್ ಆ್ಯಪ್ ಮಾರಿತೆಂದು ಭಾವಿಸಬಹುದು. ಆ್ಯಪ್‌ನ ಆಕರ ಸಂಕೇತವನ್ನು ಅದು ಗುಟ್ಟಾಗಿಟ್ಟುಕೊಳ್ಳಬಹುದು, ಬೆಲೆಯನ್ನೂ ವಿಧಿಸಬಹುದು. ಆದರೆ ತಿದ್ದಿ ಹಿಗ್ಗಿಸಿದ ನಿಘಂಟಿನ ದತ್ತಾಂಶವನ್ನು, ಅಥವಾ ಮಾಡಿದ ಬದಲಾವಣೆಗಳ ಕಡತವನ್ನು, ಅದೇ ಪರವಾನಗಿಯಲ್ಲಿ ಒದಗಿಸಲೇಬೇಕು. ಬೇರೊಂದು ಸ್ವತಂತ್ರ ಪದಕೋಶವನ್ನು ಪಕ್ಕದಲ್ಲಿ ಬೆರೆಸದೆ ಇಟ್ಟರೆ ಅದಕ್ಕೆ ಈ ಹೊಣೆ ತಟ್ಟದು. ಕಿಟೆಲ್ ನಿಘಂಟಿನ ಪರಿಷ್ಕರಣಕ್ಕೆ ಇಲ್ಲದ ಕಟ್ಟುಪಾಡು ‘ಅಲರ್’ನ ಪರಿಷ್ಕರಣಕ್ಕೆ ಇರುವುದು ಈ ಒಂದು ಪರವಾನಗಿಯಿಂದ. ನಿಘಂಟಿನಂತಹ, ತಲೆಮಾರುಗಳು ಕೂಡಿ ಬೆಳೆಸಬೇಕಾದ ಕೃತಿಗೆ ಇದು ಅತ್ಯಂತ ಯುಕ್ತವಾದ ಆಯ್ಕೆಯೆನ್ನಬೇಕು.

ಎಲ್ಲ ಮುಕ್ತ ಪರವಾನಗಿಗಳೂ ಹೀಗಿಲ್ಲ. ಒತ್ತಕ್ಷರಗಳನ್ನು ತೆರೆಯ ಮೇಲೆ ಸರಿಯಾಗಿ ಜೋಡಿಸುವ ‘ಹಾರ್ಫ್‌ಬಜ್’, ಮುದ್ರಿತ ಕನ್ನಡವನ್ನು ಓದಬಲ್ಲ ‘ಟೆಸರಾಕ್ಟ್’ ಇವುಗಳನ್ನು ತಿದ್ದಿ ಮಾರುವ ಸಂಸ್ಥೆ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಬಹುಮಟ್ಟಿಗೆ ಸಾಕು, ಬದಲಾವಣೆಯನ್ನು ಬಹಿರಂಗಪಡಿಸಬೇಕಾಗಿಲ್ಲ. ಅಕ್ಷರ ವಿನ್ಯಾಸಗಳಿಗೆ ಬಳಕೆಯಾಗುವ ‘ಓಪನ್ ಫಾಂಟ್ ಲೈಸೆನ್ಸ್’ ನಡುವಿನದು: ತಿದ್ದಿ ವಿತರಿಸಿದ ಫಾಂಟ್ ಅದೇ ಪರವಾನಗಿಯಲ್ಲಿರಬೇಕು, ವಿನ್ಯಾಸಕ್ಕೆ ಬಳಸಿದ ಮೂಲ ಕಡತವನ್ನು ಕೊಡುವ ಒತ್ತಾಯವಿಲ್ಲ. ಜಿಪಿಎಲ್‌ಗೂ ಒಂದು ಕಂಡಿಯಿದೆ. ತಿದ್ದಿದ ತಂತ್ರಾಂಶವನ್ನು ತನ್ನ ಸರ್ವರ್‌ನಲ್ಲಿಯೇ ಇಟ್ಟುಕೊಂಡು ಅಂತರ್ಜಾಲದ ಮೂಲಕ ಸೇವೆಯನ್ನಷ್ಟೇ ನೀಡುವ ಸಂಸ್ಥೆ ‘ವಿತರಣೆ’ ಮಾಡಿದಂತಾಗದು. 2007ರ ಅಫೆರೊ ಜಿಪಿಎಲ್ ಮೂರನೆಯ ಆವೃತ್ತಿಯು ಅಂತಹ ಸೇವೆಯ ಬಳಕೆದಾರರಿಗೂ ಆಕರ ಸಂಕೇತ ದೊರೆಯಬೇಕೆಂದು ವಿಧಿಸುತ್ತದೆ.

ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ ಸಿದ್ಧವಾಗುವ ಪದಪಟ್ಟಿಗಳು, ಶಾಸನಪಾಠಗಳ ಗಣಕೀಕೃತ ಸಂಗ್ರಹಗಳು ಜಾಲತಾಣದಲ್ಲಿ ಸುಮ್ಮನೆ ಇಟ್ಟ ಮಾತ್ರಕ್ಕೆ ಮುಕ್ತವಾಗುವುದಿಲ್ಲ. ಅಧಿನಿಯಮದ 30ನೆಯ ಪ್ರಕರಣದ ಪ್ರಕಾರ ಪರವಾನಗಿ ಲಿಖಿತರೂಪದಲ್ಲಿರಬೇಕು. ‘ಶೈಕ್ಷಣಿಕ ಬಳಕೆಗೆ ಉಚಿತ’ ಎಂಬ ಒಂದು ಸಾಲು ಬರೆದರೆ, ಅದನ್ನು ತಿದ್ದಿ ಮರುಪ್ರಕಟಿಸಲು ಇನ್ನೊಂದು ವಿಭಾಗಕ್ಕೆ ಅನುಮತಿಯಿದೆಯೇ ಎಂಬುದು ಸಂದಿಗ್ಧವಾಗಿಯೇ ಉಳಿಯುತ್ತದೆ. ಪರವಾನಗಿಯ ಹೆಸರು ಮತ್ತು ಆವೃತ್ತಿಯ ಸಂಖ್ಯೆಯನ್ನು ಸಂಗ್ರಹದ ಮೊದಲ ಪುಟದಲ್ಲಿಯೇ ನಮೂದಿಸಿದರೆ ಆ ಸಂದಿಗ್ಧಕ್ಕೆ ಎಡೆಯಿರುವುದಿಲ್ಲ.