ಬೀದರಿನ ನಡುಹಗಲು, ಭಾಲ್ಕಿಯ ನಡುಹಗಲು

ಮಕ್ಕಳೇ, ನಿಮ್ಮ ಊರಿನಲ್ಲಿ ನಡುಹಗಲು ಎಷ್ಟು ಗಂಟೆಗೆ ಆಗುತ್ತದೆ? ಹನ್ನೆರಡಕ್ಕೆ ಎಂದು ಎಲ್ಲರೂ ಕೈ ಎತ್ತುತ್ತೀರಿ. ಸೂರ್ಯನನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಆ ದಿನದಲ್ಲೇ ಅತಿ ಚಿಕ್ಕದಾಗುವ ಕ್ಷಣವೇ ಸೂರ್ಯನ ನಡುಹಗಲು.

ನಮ್ಮ ಗಡಿಯಾರಗಳು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಬೀದರ ನಗರ ಇರುವುದು ಸುಮಾರು 77½ ಡಿಗ್ರಿಯಲ್ಲಿ, ಅಂದರೆ 5 ಡಿಗ್ರಿ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಬೀದರಿನ ನಡುಹಗಲು ಸರಾಸರಿ 12 ಗಂಟೆ 20 ನಿಮಿಷಕ್ಕೆ. ಸರಾಸರಿ ಎಂದೆ ಏಕೆಂದರೆ ಇದು ವರ್ಷವಿಡೀ ಹಿಂದೆಮುಂದೆ ಆಗುತ್ತದೆ. ನವೆಂಬರ್ ಮೊದಲ ವಾರ 12:03ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12:34ರ ಸುಮಾರಿಗೆ.

ಭಾಲ್ಕಿ ಬೀದರಿಗಿಂತ ಇನ್ನೂ ಪಶ್ಚಿಮಕ್ಕಿದೆ. ಅಲ್ಲಿನ ನಡುಹಗಲು ಬೀದರಿಗಿಂತ ಒಂದೂಕಾಲು ನಿಮಿಷದಷ್ಟು ತಡ. ಔರಾದ ಎರಡರ ನಡುವಿನ ರೇಖಾಂಶದಲ್ಲಿದೆ, ಅಲ್ಲಿ ತಡ ಅರ್ಧ ನಿಮಿಷಕ್ಕೂ ಸ್ವಲ್ಪ ಕಡಿಮೆ. ಲೆಕ್ಕ ಹೀಗೆ ಹೇಳುತ್ತದೆ. ಅಳೆದು ನೋಡಬಹುದೇ?

ಎರಡು ವರ್ಷದ ಹಿಂದೆ ಡಿಸೆಂಬರ್ 22ರಂದು ಮೂರು ಊರಿನ ಮೂರು ಶಾಲೆಗಳ ಮಕ್ಕಳು ಈ ಕೆಲಸಕ್ಕೆ ಕೈ ಹಾಕಿದರು. ವಿಧಾನ ಸುಲಭ. ಸಮತಟ್ಟಾದ ಅಂಗಳದಲ್ಲಿ ತೂಗುಗುಂಡು ಹಿಡಿದು ಕೋಲು ನೆಡಬೇಕು. ಅದರ ಬುಡವನ್ನೇ ಕೇಂದ್ರವಾಗಿಟ್ಟು ಐದು ವೃತ್ತ ಎಳೆಯಬೇಕು. ಬೆಳಿಗ್ಗೆ ಕುಗ್ಗುತ್ತಿರುವ ನೆರಳಿನ ತುದಿ ಒಂದೊಂದು ವೃತ್ತವನ್ನು ಮುಟ್ಟಿದ ಸಮಯ ಬರೆದುಕೊಳ್ಳಬೇಕು. ಮಧ್ಯಾಹ್ನ ಬೆಳೆಯುತ್ತಿರುವ ನೆರಳು ಅದೇ ವೃತ್ತವನ್ನು ಮತ್ತೆ ಮುಟ್ಟುತ್ತದೆ. ಬೆಳಿಗ್ಗೆ 10 ಗಂಟೆಗೆ ಮುಟ್ಟಿದ್ದು 2 ಗಂಟೆ 36 ನಿಮಿಷಕ್ಕೆ ಮತ್ತೆ ಮುಟ್ಟಿದರೆ, ಎರಡರ ನಟ್ಟನಡುವಿನ 12:18 ನಡುಹಗಲು. ಐದು ವೃತ್ತಗಳಿಂದ ಐದು ಉತ್ತರ, ಕೊನೆಗೆ ಅವುಗಳ ಸರಾಸರಿ.

ಫಲಿತಾಂಶ ಬಂತು. ಭಾಲ್ಕಿಯಲ್ಲಿ ನಡುಹಗಲು ಬೀದರಿಗಿಂತ ಎರಡು ನಿಮಿಷ ಮೊದಲೇ ಆಗಿತ್ತು! ಸೂರ್ಯ ಪಶ್ಚಿಮದಿಂದ ಪೂರ್ವಕ್ಕೆ ಹೋದನೇ? "ನಮ್ಮ ಗಡಿಯಾರ ಖರೆ ಅದ ರೀ ಸರ್, ನಿನ್ನೆನೇ ಹೊಸಾ ಸೆಲ್ ಹಾಕೀವಿ" ಎಂದಳು ಒಬ್ಬ ಹುಡುಗಿ. ಇನ್ನೊಂದು ಶಾಲೆಯವರೂ ಅದನ್ನೇ ಹೇಳಿದರು. ಮೂರು ಗಡಿಯಾರಗಳನ್ನೂ ತರಿಸಿ ಒಂದೇ ಮೇಜಿನ ಮೇಲೆ ಇಟ್ಟೆ. ಮೂರೂ ಬೇರೆ ಬೇರೆ ಸಮಯ ತೋರಿಸುತ್ತಿದ್ದವು. ಮಕ್ಕಳು ನೆರಳನ್ನು ಸರಿಯಾಗಿಯೇ ಹಿಡಿದಿದ್ದರು, ತಪ್ಪು ಹೇಳಿದ್ದು ಗಡಿಯಾರ. ಮೊದಲೇ ಅವುಗಳನ್ನು ಹೋಲಿಸಿ ನೋಡದೇ ಇದ್ದದ್ದು ನನ್ನ ತಪ್ಪು.

ಗಡಿಯಾರ ಏಕೆ ತಪ್ಪುತ್ತದೆ? ಗೋಡೆ ಗಡಿಯಾರದಲ್ಲೂ ಕೈಗಡಿಯಾರದಲ್ಲೂ ಕ್ವಾರ್ಟ್ಜ್ ಎಂಬ ಸ್ಫಟಿಕದ ಪುಟ್ಟ ಕವಲು ಇರುತ್ತದೆ. ವಿದ್ಯುತ್ ಹರಿಸಿದಾಗ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹೀಗೆ ಒಂದೇ ಸಮನೆ ಕಂಪಿಸುವ ಸಾಧನವೇ ಆಂದೋಲಕ. ಈ ವಿಚಿತ್ರ ಸಂಖ್ಯೆ ಏಕೆ? ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ 15 ಸಲ ಮಾಡಿ ನೋಡಿ. ಸರಿಯಾಗಿ 1 ಉಳಿಯುತ್ತದೆ. ಗಡಿಯಾರದೊಳಗಿನ ಮಂಡಲವೂ ಇದನ್ನೇ ಮಾಡಿ ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ.

ಈ ಸ್ಫಟಿಕ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಚಳಿ ಹೆಚ್ಚಿದರೂ ನಿಧಾನ, ಸೆಕೆ ಹೆಚ್ಚಿದರೂ ನಿಧಾನ. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ದಿನಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ. ಇದು ಸಣ್ಣದು ಎನಿಸಬಹುದು. ಆದರೆ ತಿಂಗಳುಗಟ್ಟಲೆ ಯಾರೂ ತಿದ್ದದಿದ್ದರೆ ಸೆಕೆಂಡುಗಳು ಕೂಡಿ ನಿಮಿಷವಾಗುತ್ತವೆ.

ಹಾಗಾದರೆ ತಿದ್ದಲು ಖರೆ ಸಮಯ ಎಲ್ಲಿ ಸಿಗುತ್ತದೆ? ನಮ್ಮ ತಲೆಯ ಮೇಲೆಯೇ! ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಇವುಗಳಲ್ಲಿ ಪರಮಾಣು ಗಡಿಯಾರಗಳಿವೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಭಾರತದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ನಾವಿಕ್‌ನ ಕಾಲವನ್ನು ಕಾಯುವ ಕೇಂದ್ರ ಇರುವುದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ.

ದಾರಿ ತೋರಿಸುವ ಉಪಗ್ರಹಕ್ಕೆ ಇಷ್ಟು ನಿಖರ ಗಡಿಯಾರ ಏಕೆ ಬೇಕು? ಉಪಗ್ರಹದ ಸಂಕೇತ ಬೆಳಕಿನ ವೇಗದಲ್ಲಿ ಬರುತ್ತದೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಸಂಕೇತ ಬರಲು ಹಿಡಿದ ಸಮಯದಿಂದಲೇ ರಿಸೀವರ್ ದೂರವನ್ನು ಲೆಕ್ಕ ಹಾಕುತ್ತದೆ. ಅಲ್ಲಿನ ಗಡಿಯಾರ ಸೆಕೆಂಡಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಕಿಲೋಮೀಟರ್ ತಪ್ಪುತ್ತದೆ! ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ರಿಸೀವರ್ ತಾನಿರುವ ಜಾಗದ ಜೊತೆಗೆ ತನ್ನ ಗಡಿಯಾರದ ತಪ್ಪನ್ನೂ ಕಂಡುಹಿಡಿಯುತ್ತದೆ.

ಬೆಂಕಿಪೊಟ್ಟಣದಷ್ಟು ಚಿಕ್ಕ ಜಿಪಿಎಸ್ ರಿಸೀವರ್ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನನ್ನ ಬಳಿಯೂ ಒಂದಿದೆ. ಬಯಲಿನಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದರ ದೀಪ ಸೆಕೆಂಡಿಗೊಮ್ಮೆ ಮಿನುಗಲು ಶುರುಮಾಡುತ್ತದೆ. ಆದರೆ ಅದು ತೋರಿಸುವ ಗಂಟೆ-ನಿಮಿಷವನ್ನು ಕೂಡಲೇ ನಂಬಬೇಡಿ, ಕಾಲು ಗಂಟೆ ಕಾಯಿರಿ. ಜಿಪಿಎಸ್ ತನ್ನೊಳಗೆ ಇಟ್ಟುಕೊಂಡ ಕಾಲ ಜಗತ್ತಿನ ಕಾಲಕ್ಕಿಂತ 18 ಸೆಕೆಂಡು ಮುಂದಿದೆ. ಎಷ್ಟು ಕಳೆಯಬೇಕೆಂಬ ಮಾಹಿತಿ ಉಪಗ್ರಹದಿಂದ ಬರಲು ಹನ್ನೆರಡೂವರೆ ನಿಮಿಷದವರೆಗೆ ಹಿಡಿಯಬಹುದು.

ಇರುವುದು ಒಂದೇ ರಿಸೀವರ್, ಊರು ಮೂರು. ಏನು ಮಾಡುವುದು? ಮರುವರ್ಷ ಡಿಸೆಂಬರ್ 21ರ ಸಂಜೆ ಮೂರು ಕ್ವಾರ್ಟ್ಜ್ ಕೈಗಡಿಯಾರಗಳನ್ನು ರಿಸೀವರಿನ ಮಿನುಗಿಗೆ ಹೊಂದಿಸಿ ಮೂರೂ ಊರಿಗೆ ಕಳಿಸಿದೆ. 22ರ ರಾತ್ರಿ ಮರಳಿ ತರಿಸಿ ಮತ್ತೆ ಹೋಲಿಸಿದೆ. ಎರಡರಲ್ಲಿ ವ್ಯತ್ಯಾಸ ಕಾಣಲಿಲ್ಲ, ಒಂದು ಮಾತ್ರ ಒಂದು ಸೆಕೆಂಡು ಹಿಂದೆ ಬಿದ್ದಿತ್ತು. ಎಷ್ಟು ತಪ್ಪಿದೆ ಎಂದು ಗೊತ್ತಾದ ಗಡಿಯಾರದಿಂದ ತೊಂದರೆಯಿಲ್ಲ. ಕಳೆದು ಕೂಡಿಸಿಕೊಂಡರಾಯಿತು.

ಬೀದರಿನಿಂದ ಭಾಲ್ಕಿಗೆ ನಡೆದು ಹೋಗುವವರನ್ನು ನೆನೆಯಿರಿ. ಹೆಜ್ಜೆ ಎಣಿಸುತ್ತಾ ನಡೆದರೂ ಲೆಕ್ಕ ಸ್ವಲ್ಪ ಸ್ವಲ್ಪ ತಪ್ಪುತ್ತದೆ. ಕಿಲೋಮೀಟರ್ ಕಲ್ಲು ಕಂಡಾಗ ತಿದ್ದಿಕೊಳ್ಳುತ್ತಾರೆ. ಸ್ಫಟಿಕ ಎಂದರೆ ಹೆಜ್ಜೆ, ಉಪಗ್ರಹ ಎಂದರೆ ಕಲ್ಲು. ಹವ್ಯಾಸಕ್ಕಾಗಿ ನಿಖರ ಗಡಿಯಾರ ಕಟ್ಟುವವರು ಜಗತ್ತಿನ ಹಲವು ಕಡೆ ಇದ್ದಾರೆ. ಅವರು ಸ್ಫಟಿಕವನ್ನು ಒಂದೇ ಬಿಸಿಯಲ್ಲಿಡುವ ಪುಟ್ಟ ಪೆಟ್ಟಿಗೆಯೊಳಗೆ ಇಟ್ಟು, ಜಿಪಿಎಸ್ ಮಿನುಗಿನಿಂದ ಅದು ತಾನಾಗಿಯೇ ತಿದ್ದಿಕೊಳ್ಳುವಂತೆ ಮಾಡುತ್ತಾರೆ.

ಅವರಲ್ಲಿ ಅಮೆರಿಕದ ಟಾಮ್ ವ್ಯಾನ್ ಬಾಕ್ ಒಬ್ಬರು. 2005ರಲ್ಲಿ ಅವರು ತಮ್ಮ ಮೂವರು ಮಕ್ಕಳನ್ನೂ ಮೂರು ಸೀಸಿಯಂ ಪರಮಾಣು ಗಡಿಯಾರಗಳನ್ನೂ ವ್ಯಾನಿನಲ್ಲಿ ತುಂಬಿಕೊಂಡು ರೈನಿಯರ್ ಎಂಬ ಪರ್ವತದಲ್ಲಿ ಸುಮಾರು 1,600 ಮೀಟರ್ ಎತ್ತರಕ್ಕೆ ಹೋದರು. ಎರಡು ದಿನ ಅಲ್ಲೇ ಉಳಿದು, ಮರಳಿ ಬಂದು ಮನೆಯ ಗಡಿಯಾರಗಳ ಜೊತೆ ಹೋಲಿಸಿದರು. ಬೆಟ್ಟಕ್ಕೆ ಹೋದವು ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು 22 ಪಾಲು ಮುಂದಿದ್ದವು! ಎತ್ತರದಲ್ಲಿ ಕಾಲ ಕೊಂಚ ಬೇಗ ಓಡುತ್ತದೆ ಎಂದು ಐನ್‌ಸ್ಟೀನ್ ಹೇಳಿದ್ದ ಲೆಕ್ಕಕ್ಕೆ ಅದು ಹೊಂದಿತು. ಹೋಗುವ ಮುಂಚೆ ಹೋಲಿಸು, ಒಯ್ಯಿ, ಬಂದ ಮೇಲೆ ಮತ್ತೆ ಹೋಲಿಸು. ನಾವು ಮಾಡಿದ್ದೂ ಅದನ್ನೇ, ನಮ್ಮದು ಕೈಗಡಿಯಾರ ಅಷ್ಟೇ.

ಎರಡನೇ ಸಲ ಭಾಲ್ಕಿಯ ನಡುಹಗಲು ಬೀದರಿಗಿಂತ ಒಂದು ನಿಮಿಷಕ್ಕೂ ಸ್ವಲ್ಪ ಹೆಚ್ಚು ತಡವಾಗಿ ಬಂತು. ಔರಾದದ ಅರ್ಧ ನಿಮಿಷ ಮಾತ್ರ ಕೈಗೆ ಸಿಗಲಿಲ್ಲ. ಕೋಲಿನ ನೆರಳಿನ ಅಂಚು ಮಸುಕಾಗಿರುತ್ತದೆ, ತುದಿ ಎಲ್ಲಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೋಲಿನ ತುದಿಗೆ ಸಣ್ಣ ತೂತಿರುವ ತಗಡು ಕಟ್ಟಿದರೆ ನೆಲದ ಮೇಲೆ ಸೂರ್ಯನ ದುಂಡನೆಯ ಬಿಂಬ ಬೀಳುತ್ತದೆ. ಅದರ ನಡುವನ್ನು ಗುರುತಿಸುವುದು ಸುಲಭ. ಸೂರ್ಯನನ್ನು ನೇರವಾಗಿ ನೋಡಬೇಡಿ, ನೆಲದ ಮೇಲಿನ ಬಿಂಬವನ್ನೇ ನೋಡಿ. ಬರುವ ಡಿಸೆಂಬರಿಗೆ ಔರಾದದ ಮಕ್ಕಳು ಈಗಲೇ ತಗಡಿಗೆ ತೂತು ಕೊರೆಯುತ್ತಿದ್ದಾರೆ.