ಆರಕ್ಷಕ ಶಬ್ದದ ಅರ್ಥವೂ ಗಾಯಾಳುಗಳ ಪ್ರಥಮ ಚಿಕಿತ್ಸೆಯೂ

ಶಬ್ದಗಳ ಅರ್ಥವು ಕೋಶದಿಂದ ಮಾತ್ರ ನಿಶ್ಚಿತವಾಗುವುದಿಲ್ಲ; ಶಬ್ದವನ್ನು ಹೊತ್ತವನ ಆಚರಣೆಯಿಂದಲೂ ನಿಶ್ಚಿತವಾಗುತ್ತದೆ. ‘ಆರಕ್ಷಕ’ ಎಂದರೆ ಚೆನ್ನಾಗಿ ಕಾಯುವವನು. ಹಳಗನ್ನಡದಲ್ಲಿ ಈ ಅಧಿಕಾರಿಗೆ ತಳಾರನೆಂದು ಹೆಸರು. ಮುಸಲ್ಮಾನ ಅರಸರ ಕಾಲದಲ್ಲಿ ಪಟ್ಟಣದ ಕಾವಲಧಿಕಾರಿಯು ಕೊತ್ವಾಲನೆನಿಸಿದನು. 1948ರ ವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ರಾಯಚೂರು ಸೀಮೆಯ ಗ್ರಾಮಗಳಲ್ಲಿ ಪೊಲೀಸ್ ಪಟೇಲನಿದ್ದನು. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಬರುವ ತಳಾರನು ಕಳ್ಳನನ್ನು ಹಿಡಿದು ದಂಡಿಸುವವನು. ಜನರ ಮನಸ್ಸಿನಲ್ಲಿ ನೆಲೆಗೊಂಡಿರುವ ಚಿತ್ರವೂ ಬಹುಮಟ್ಟಿಗೆ ಇದೇ. ಆದರೆ ಗಾಯಗೊಂಡು ಬಿದ್ದವನ ಪ್ರಾಣವನ್ನು ಕಾಯುವುದು ಈ ಪದದ ಅರ್ಥದೊಳಗೆ ಸೇರುವುದೋ ಇಲ್ಲವೋ ಎಂಬುದು ಇಲ್ಲಿ ವಿಚಾರಣೀಯ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭೂಭಾಗವನ್ನು ಶಾಸನಗಳು ಎಡೆದೊರೆನಾಡೆಂದು ಕರೆಯುತ್ತವೆ. ರಾಯಚೂರು ನಗರದಲ್ಲಿ 2007ರಲ್ಲಿ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯುಂಟು. ಗಬ್ಬೂರಿನ ಮಾರ್ಗವಾಗಿ ಹೋಗುವ ದೇವದುರ್ಗವೂ, ಸಿಂಧನೂರಿನ ದಾರಿಯಲ್ಲಿರುವ ಮಾನ್ವಿಯೂ ನಗರದಿಂದ ಹತ್ತಿರ ಹತ್ತಿರ 50 ಕಿಲೋಮೀಟರು ದೂರದಲ್ಲಿವೆ. ತಾಲ್ಲೂಕು ಕೇಂದ್ರಗಳಲ್ಲಿ ಆಸ್ಪತ್ರೆಗಳಿದ್ದರೂ, ತಲೆಗೋ ಎದೆಗೋ ಭಾರಿ ಪೆಟ್ಟು ಬಿದ್ದವನನ್ನು ನಗರಕ್ಕೆ ಸಾಗಿಸುವ ಪ್ರಸಂಗ ಬರುವುದುಂಟು. ಪೆಟ್ಟು ಬಿದ್ದ ಮೊದಲ ಒಂದು ಗಂಟೆಯನ್ನು 2019ರ ತಿದ್ದುಪಡಿಯು ಮೋಟಾರು ವಾಹನ ಅಧಿನಿಯಮದಲ್ಲಿ ‘ಸುವರ್ಣ ಗಂಟೆ’ಯೆಂದು ನಿರೂಪಿಸಿದೆ, ಆ ಅವಧಿಯೊಳಗೆ ಚಿಕಿತ್ಸೆ ದೊರೆತರೆ ಮರಣವನ್ನು ತಪ್ಪಿಸುವ ಸಂಭವ ಅತ್ಯಧಿಕ. ಆ ಗಂಟೆಯ ಬಹುಭಾಗವನ್ನು ಇಲ್ಲಿ ದಾರಿಯೇ ನುಂಗಿಬಿಡುತ್ತದೆ. ಆದಕಾರಣ ವೈದ್ಯನಿಗಿಂತ ಮೊದಲು ಸ್ಥಳಕ್ಕೆ ಬಂದವನ ಕೈಯಲ್ಲಿಯೇ ಗಾಯಾಳುವಿನ ಪ್ರಾಣವಿರುತ್ತದೆ. ಹಲವು ವೇಳೆ ಹಾಗೆ ಬರುವವನು ಪೊಲೀಸಿನವನು.

ಅವನು ಮಾಡತಕ್ಕದ್ದು ವೈದ್ಯವೃತ್ತಿಯಲ್ಲ. 1877ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಸೇಂಟ್ ಜಾನ್ ಆಂಬುಲೆನ್ಸ್ ಸಂಘವು ಸಾಮಾನ್ಯ ಜನರಿಗೂ ಪ್ರಥಮ ಚಿಕಿತ್ಸೆಯನ್ನು ಕಲಿಸಬಹುದೆಂಬುದನ್ನು ತೋರಿಸಿತು. ಅದರ ಕ್ರಮ ಸರಳವಾದುದು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನಿಟ್ಟು, ಬಿಡದೆ ಬಲವಾಗಿ ಒತ್ತಿ ಹಿಡಿಯಬೇಕು. ಉಸಿರಾಡುತ್ತಿದ್ದು ಎಚ್ಚರವಿಲ್ಲದವನ ಉಸಿರ ದಾರಿಯನ್ನು ತೆರವಾಗಿಡಬೇಕು. ಉಸಿರೇ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಕುತ್ತಿಗೆ, ಬೆನ್ನುಗಳಿಗೆ ಏಟು ಬಿದ್ದಂತೆ ತೋರಿದರೆ ಎಳೆದಾಡಬಾರದು. ಬಾಯಾರಿದನೆಂಬ ಕನಿಕರದಿಂದ ಎಚ್ಚರದಪ್ಪಿದವನ ಬಾಯಿಗೆ ನೀರು ಹೊಯ್ಯುವುದು ಅಪಾಯಕರ. ಆ ನೀರು ಶ್ವಾಸನಾಳವನ್ನು ಸೇರಬಹುದು. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 108ರ ವಾಹನವನ್ನು ಕರೆಯುವುದು ಇವೆಲ್ಲದರೊಡನೆಯೇ ನಡೆಯಬೇಕು.

ಇಲ್ಲಿ ಒಂದು ಆಕ್ಷೇಪವುಂಟು. ಸ್ಥಳದ ಮಹಜರು, ಸಾಕ್ಷ್ಯಸಂಗ್ರಹ ಇವು ಪೊಲೀಸರ ಕರ್ತವ್ಯಗಳಲ್ಲವೆ, ಗಾಯಾಳುವನ್ನು ಎತ್ತಿದರೆ ಸಾಕ್ಷ್ಯವು ಕೆಡುವುದಿಲ್ಲವೆ ಎಂಬುದು. ಇದಕ್ಕೆ ಉತ್ತರವು 1989ರ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ದೊರಕುತ್ತದೆ. ಅಪಘಾತಕ್ಕೊಳಗಾದ ಒಬ್ಬ ಸ್ಕೂಟರು ಸವಾರನನ್ನು ಹತ್ತಿರದ ಆಸ್ಪತ್ರೆಯವರು ಸೇರಿಸಿಕೊಳ್ಳದೆ, ಪೊಲೀಸು ಸಂಬಂಧದ ಪ್ರಕರಣಗಳನ್ನು ನೋಡುವ ಅಧಿಕಾರವುಳ್ಳ, ಸುಮಾರು 20 ಕಿಲೋಮೀಟರು ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿದರು. ಅವನು ದಾರಿಯಲ್ಲಿಯೇ ತೀರಿಕೊಂಡನೆಂಬ ವರದಿಯು ಆ ಮೊಕದ್ದಮೆಗೆ ಮೂಲ. ಮೊದಲು ಪ್ರಾಣರಕ್ಷಣೆ, ಆಮೇಲೆ ಕಾನೂನಿನ ವಿಧಿಗಳು ಎಂಬುದು ಸುಪ್ರೀಂ ಕೋರ್ಟಿನ ತೀರ್ಪಿನ ಸಾರ. 2006ರ ಮಾದರಿ ಪೊಲೀಸ್ ಅಧಿನಿಯಮವೂ ಅಪಘಾತಕ್ಕೀಡಾದವರಿಗೆ ವಿಧಿಗಳನ್ನು ಲೆಕ್ಕಿಸದೆ ಶೀಘ್ರ ಚಿಕಿತ್ಸೆ ದೊರಕಿಸುವುದನ್ನು ಪೊಲೀಸರ ಸಾಮಾಜಿಕ ಹೊಣೆಗಳಲ್ಲಿ ಎಣಿಸಿದೆ. ಸಾಕ್ಷಿಯಾಗಿ ಅಲೆಯಬೇಕಾದೀತೆಂಬ ಅಂಜಿಕೆಯಿಂದ ದಾರಿಹೋಕರು ಹಿಂಜರಿಯಬಾರದೆಂದು, 2019ರಲ್ಲಿ ಸೇರಿಸಲಾದ 134ಎ ಕಲಮು ಸದ್ಭಾವದಿಂದ ನೆರವಾದವರಿಗೆ ರಕ್ಷಣೆಯನ್ನಿತ್ತಿದೆ.

ದಾರಿಹೋಕನ ಅಂಜಿಕೆಯು ಕಲಮೊಂದರಿಂದಲೇ ಹೋಗಲಾರದು. ಗಾಯವನ್ನು ಒತ್ತಿ ಹಿಡಿದಿರುವ ಪೊಲೀಸಿನವನನ್ನು ಕಂಡರೆ ಅವನೂ ಕೈ ನೀಡಲು ಧೈರ್ಯಗೊಳ್ಳುವನು. ಹೆಸರು ವಿಳಾಸಗಳನ್ನೇ ಮೊದಲು ಕೇಳುವವನನ್ನು ಕಂಡರೆ ದೂರ ಸರಿಯುವನು. ಮಹಜರನ್ನು ಒಂದು ಗಂಟೆ ತಡೆದು ಬರೆಯಬಹುದು. ಹರಿದುಹೋದ ರಕ್ತಕ್ಕೆ ಆ ಸೌಲಭ್ಯವಿಲ್ಲ. ತಳಾರನ ಕಾವಲು ಸ್ವತ್ತಿನ ಕಾವಲಾಗಿತ್ತು. ದೇವದುರ್ಗ ಮಾನ್ವಿಗಳ ದಾರಿಯಲ್ಲಿ ಪ್ರಾಣವನ್ನೂ ಕಾದಾಗಲೇ ಆರಕ್ಷಕನೆಂಬ ಹೆಸರು ಅನ್ವರ್ಥವಾಗುವುದು.