ಕಾಯುವವರ ವಾರದ ಲೆಕ್ಕ

ವಾರಕ್ಕೆ 49.18 ಪೌಂಡ್. ಆಶ್ರಯ ಕೋರಿ ಬ್ರಿಟನ್ನಿಗೆ ಬಂದು, ಅರ್ಜಿಯ ತೀರ್ಮಾನಕ್ಕಾಗಿ ಕಾದು ಕುಳಿತ ನಿರ್ಗತಿಕರಿಗೆ ಅಲ್ಲಿನ ಸರ್ಕಾರ 2024ರ ಜನವರಿಯಲ್ಲಿ ಗೊತ್ತುಮಾಡಿದ ತಲಾ ಭತ್ಯೆ ಇದು. ರೂಪಾಯಿಗೆ ತಿರುಗಿಸಿದರೆ ಐದು ಸಾವಿರ ದಾಟುತ್ತದೆ, ಪರವಾಗಿಲ್ಲ ಅನಿಸೀತು. ಆದರೆ ಖರ್ಚಾಗುವುದೂ ಪೌಂಡಿನಲ್ಲೇ ತಾನೆ? ದಿನಕ್ಕೆ ಬರುವುದು ಏಳು ಪೌಂಡ್. ಇಂಗ್ಲೆಂಡಿನಲ್ಲಿ 2025ರಿಂದ ಬಸ್ಸಿನ ಒಂದು ಕಡೆಯ ಟಿಕೆಟ್ ಮೂರು ಪೌಂಡ್‌ವರೆಗೂ ಆಗುತ್ತದೆ. ವಕೀಲರನ್ನು ನೋಡಿ ಬಂದ ದಿನ ಊಟ, ಸೋಪು, ಫೋನಿನ ಕರೆನ್ಸಿ ಎಲ್ಲಕ್ಕೂ ಉಳಿಯುವುದು ಒಂದೇ ಪೌಂಡ್. ಊಟ ಕೊಡುವ ಹೋಟೆಲಿನಲ್ಲಿ ಇರಿಸಿದ್ದರೆ ವಾರದ ಭತ್ಯೆ ಹತ್ತು ಪೌಂಡೂ ಮುಟ್ಟುವುದಿಲ್ಲ.

ಹಣ ಜಮೆಯಾಗುವುದು ಆಸ್ಪೆನ್ ಎಂಬ ಕಾರ್ಡಿಗೆ. ಅರ್ಜಿ ತಿರಸ್ಕೃತವಾಗಿಯೂ ಸದ್ಯಕ್ಕೆ ಊರಿಗೆ ಮರಳಲಾಗದೆ ನೆರವು ಪಡೆಯುವವರ ಕಾರ್ಡಿನಿಂದ ನಗದು ತೆಗೆಯುವಂತಿಲ್ಲ, ಅಂಗಡಿಯಲ್ಲಿ ಉಜ್ಜಬಹುದು ಅಷ್ಟೆ. ಸಂತೆಯಲ್ಲಿ ಅಗ್ಗಕ್ಕೆ ತರಕಾರಿ ಸಿಕ್ಕರೂ ಅಲ್ಲಿ ಕಾರ್ಡು ನಡೆಯದಿದ್ದರೆ ಕೊಳ್ಳುವಂತಿಲ್ಲ. ಇದಕ್ಕೂ ಮುಂಚೆ, 2000ದಿಂದ ಎರಡು ವರ್ಷ, ನಗದಿನ ಬದಲು ಹೆಚ್ಚಾಗಿ ಕೂಪನ್ ಕೊಡುತ್ತಿದ್ದರು. ಅಂಗಡಿಯವರು ಚಿಲ್ಲರೆ ವಾಪಸು ಕೊಡುತ್ತಿರಲಿಲ್ಲ. ಕಾರ್ಮಿಕ ನಾಯಕ ಬಿಲ್ ಮೊರಿಸ್ ಅಂಥವರು ಪಟ್ಟು ಹಿಡಿದ ಮೇಲೆ 2002ರಲ್ಲಿ ಆ ಪದ್ಧತಿ ಹೋಯಿತು. ಭತ್ಯೆ ಏರಿದ್ದೂ ಸುಲಭವಾಗಿ ಅಲ್ಲ. 2022ರ ಡಿಸೆಂಬರ್‌ನಲ್ಲಿ 40.85 ಇದ್ದದ್ದು 45 ಆಗಲು ಹೈಕೋರ್ಟಿನ ಆದೇಶವೇ ಬೇಕಾಯಿತು.

ದುಡಿದು ತಿನ್ನಲಿ ಎನ್ನುವವರಿದ್ದಾರೆ. ಕಾಯುತ್ತಿರುವವರ ಆಸೆಯೂ ಅದೇ, ತಡೆದಿರುವುದು ಸರ್ಕಾರ. 2002ರವರೆಗೆ ಆರು ತಿಂಗಳು ಕಾದವರು ಕೆಲಸಕ್ಕೆ ಅನುಮತಿ ಕೇಳಬಹುದಿತ್ತು. ಆ ವರ್ಷ ಅದನ್ನು ತೆಗೆದರು. ಆಮೇಲೆ ಬಂದ ನಿಯಮದಲ್ಲಿ ಕಾಯುವ ಅವಧಿ ಒಂದು ವರ್ಷ, ಅದೂ ತಡವಾದದ್ದು ಅರ್ಜಿದಾರರ ತಪ್ಪಿನಿಂದ ಅಲ್ಲದಿದ್ದರೆ ಮಾತ್ರ. ಅನುಮತಿ ಸಿಕ್ಕರೂ ಸರ್ಕಾರದ ಪಟ್ಟಿಯಲ್ಲಿರುವ ಕೆಲವೇ ಉದ್ಯೋಗಗಳಿಗೆ ಸೇರಬಹುದು. ಕೈಕಾಲು ಗಟ್ಟಿಯಿರುವ ಜನರನ್ನು ವರ್ಷಗಟ್ಟಲೆ ಕೂರಿಸಿ, ಅವರು ಹೊರೆಯೆಂದು ದೂರುವುದು ಅನ್ಯಾಯ. ಆ ಆರು ತಿಂಗಳ ನಿಯಮ ಮರಳಿ ಬರಬೇಕು.

ಹೊರೆ ಇರುವುದು ನಿಜ, ಆದರೆ ಅದು ಈ ಏಳು ಪೌಂಡಿನದಲ್ಲ. ವಸತಿ ಒದಗಿಸುವ ಕೆಲಸವನ್ನು 2019ರಲ್ಲಿ ಸರ್ಕೊ, ಮಿಯರ್ಸ್, ಕ್ಲಿಯರ್‌ಸ್ಪ್ರಿಂಗ್ಸ್ ಎಂಬ ಖಾಸಗಿ ಕಂಪನಿಗಳಿಗೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಅಂದಾಜು 450 ಕೋಟಿ ಪೌಂಡ್ ಇತ್ತು. 2025ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ನೋಡಿದಾಗ ಅದು 1,530 ಕೋಟಿಗೆ ಏರಿತ್ತು. ಕೋವಿಡ್ ಕಾಲದಲ್ಲಿ ತಾತ್ಕಾಲಿಕವೆಂದು ಹಿಡಿದ ಹೋಟೆಲುಗಳಲ್ಲಿ 2023ರ ಸೆಪ್ಟೆಂಬರ್ ಹೊತ್ತಿಗೆ 56,000ಕ್ಕೂ ಹೆಚ್ಚು ಜನರಿದ್ದರು. ಯಾವ ಊರಿಗೆ ಕಳಿಸುತ್ತಾರೋ ಅಲ್ಲಿಗೆ ಹೋಗಬೇಕು, ಆಯ್ಕೆಯಿಲ್ಲ. 2024ರ ಆಗಸ್ಟ್‌ನಲ್ಲಿ ರಾದರಮ್‌ನ ಅಂಥದೊಂದು ಹೋಟೆಲಿಗೆ, ಒಳಗೆ ಜನರಿರುವಾಗಲೇ, ಗುಂಪು ಬೆಂಕಿ ಹಚ್ಚಲು ನೋಡಿತು.

ಕಾಯುವಿಕೆ ಗೆಲುವಿನಲ್ಲಿ ಮುಗಿದಾಗಲೂ ನೆಮ್ಮದಿಯಿಲ್ಲ. ನಿರಾಶ್ರಿತರೆಂದು ಮಾನ್ಯತೆ ಸಿಕ್ಕ ಮೇಲೆ ಭತ್ಯೆ ಮತ್ತು ಕೋಣೆ ಬಿಡಲು ಬಹುಕಾಲ ಇದ್ದ ಗಡುವು 28 ದಿನ. 2024ರ ಡಿಸೆಂಬರ್‌ನಲ್ಲಿ ಪ್ರಯೋಗವೆಂದು 56 ಮಾಡಿದರು. 2025ರಲ್ಲಿ ಒಂಟಿ ವಯಸ್ಕರಿಗೆ ಮತ್ತೆ 28ಕ್ಕೆ ಇಳಿಸಿದರು. ಅಷ್ಟರಲ್ಲಿ ಬ್ಯಾಂಕ್ ಖಾತೆ, ಬಾಡಿಗೆ ಮನೆ, ಮುಂಗಡ, ಕೆಲಸ ಎಲ್ಲ ಹೊಂದಿಸಿಕೊಳ್ಳಬೇಕು. ಅಲ್ಲಿಯ ಸಾಮಾನ್ಯ ಸರ್ಕಾರಿ ಭತ್ಯೆಗೆ ಮೊದಲ ದಿನವೇ ಅರ್ಜಿ ಹಾಕಿದರೂ ಮೊದಲ ಕಂತು ಕೈಸೇರಲು ಐದು ವಾರ, ಅಂದರೆ 35 ದಿನ ಬೇಕು.